ಸರ್ ನೋಡದ ಹೂವು

ಆ ಗಿಡ ನನಗೆ ಸಿಕ್ಕಿದ್ದು ಕಮಲಾಪುರ ದಾಟಿ ರಸ್ತೆ ಏರುವ ಕಡೆ. ಕಮಲಾಪುರ ಎಂದರೆ ಎಲ್ಲರಿಗೂ ಕೆಂಪು ಬಾಳೆ ನೆನಪಾಗುತ್ತದೆ. ಆದರೆ ತೋಟಗಳಿರುವುದು ನೀರಿರುವ ತಗ್ಗಿನಲ್ಲಿ. ಅಲ್ಲಿಂದ ಸ್ವಲ್ಪ ಮೇಲೆ ಹತ್ತಿದರೆ ಕೆಂಪು ಮುರುಮಿನ ಬೋಳು ದಿಬ್ಬ, ಅಲ್ಲೊಂದು ಇಲ್ಲೊಂದು ಜಾಲಿ ಗಿಡ, ಹನ್ನೊಂದು ಗಂಟೆಗೇ ಚಪ್ಪಲಿಯ ತಳ ಕಾಯಿಸುವ ಕಲ್ಲು. ದೀಪಾವಳಿ ಮುಗಿದು ಹದಿನೈದು ದಿನವಾಗಿತ್ತು. ನಾನು ಪಿಎಚ್‌ಡಿಗೆ ಸೇರಿ ನಾಲ್ಕನೆಯ ವರ್ಷ.

ನನ್ನ ವಿಷಯ ಈ ಭಾಗದ ಒಣಭೂಮಿಯಲ್ಲಿ ಬೆಳೆಯುವ ಸೂರ್ಯಕಾಂತಿ ಕುಟುಂಬದ ಕಾಡುಗಿಡಗಳು. ಸೇವಂತಿಗೆ, ಕುಸುಬಿ, ಹೊಲದ ಬದುವಿನ ಕಾಂಗ್ರೆಸ್ ಕಸ, ಎಲ್ಲ ಒಂದೇ ಮನೆತನ. ಇವುಗಳಲ್ಲಿ ನಾವು ಒಂದು ಹೂವು ಎಂದುಕೊಳ್ಳುವುದು ನಿಜವಾಗಿ ಒಂದು ಹೂವಲ್ಲ. ನೂರಾರು ಸಣ್ಣ ಹೂಗಳು ಒಂದೇ ಪೀಠದ ಮೇಲೆ ಒತ್ತೊತ್ತಾಗಿ ಕೂತಿರುತ್ತವೆ. ಅದನ್ನು ಬಿಡಿಸಿ, ಲೆನ್ಸ್ ಇಟ್ಟು ನೋಡಿದರೆ ಮಾತ್ರ ಯಾವುದು ಯಾರೆಂದು ತಿಳಿಯುತ್ತದೆ.

ಈ ಗಿಡ ಗೇಣುದ್ದ ಇತ್ತು. ಕಾಂಡದ ತುಂಬ ಬಿಳಿ ನೂಲು ಸುತ್ತಿದಂತೆ ರೋಮ. ಕಿರಿದಾದ ಎಲೆ, ಎಲೆಯ ಕೆಳಭಾಗವೂ ಬಿಳಿ. ತುದಿಯಲ್ಲಿ ಬೆರಳಿನ ಉಗುರಿನಷ್ಟು ಹೂದಲೆ, ಬಿಳಿಗೆ ನೇರಳೆ ಸೋಕಿದ ಬಣ್ಣ. ಸುತ್ತಲೂ ಸೂಜಿಯಂಥ ಮುಳ್ಳು. ನಾನು ಮೊಣಕಾಲೂರಿ ಅದನ್ನು ಬೇರುಸಹಿತ ಎಬ್ಬಿಸುವಾಗ ಆಡು ಮೇಯಿಸುತ್ತಿದ್ದ ಹೆಂಗಸೊಬ್ಬಳು ಬಂದು ನಿಂತಳು.

"ಏನ್ ಕಿತ್ತಾಕತ್ತೀರಿ ಅಕ್ಕೋರೆ?"

"ಈ ಗಿಡ. ಇದಕ್ಕ ನೀವು ಏನಂತೀರಿ?"

"ಅದಕ್ಕೇನ್ ಹೆಸರಿಡೋದ್ರಿ? ಆಡೂ ಬಾಯಿ ಹಾಕಂಗಿಲ್ಲ ಅದಕ್ಕ," ಎಂದು ನಕ್ಕು ಹೋದಳು.

ಗಿಡವನ್ನು ಹಳೆಯ ಪತ್ರಿಕೆಯೊಳಗೆ ಹರವಿ, ಎರಡು ಹಲಗೆಯ ನಡುವೆ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಲಬುರಗಿಗೆ ಬಂದೆ. ಮರುದಿನ ಕಾಲೇಜಿನಲ್ಲಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಮಧ್ಯಾಹ್ನದ ಹೊತ್ತಿಗೆ ನನಗೆ ಅನುಮಾನ ಉಳಿದಿರಲಿಲ್ಲ. ಬೀಜದ ಮೈತುಂಬ ರೇಷ್ಮೆಯಂಥ ಕೂದಲು, ಚುಚ್ಚುವ ಮುಳ್ಳು, ಮೈಗೆ ಅಂಟಿದ ಬಿಳಿ ಅರಳೆ. ಡೈಕೋಮಾ. ಆಫ್ರಿಕದ ಮರಳುಗಾಡಿನ ಅಂಚಿನಿಂದ ರಾಜಸ್ಥಾನದವರೆಗೆ, ಅಲ್ಲಿಂದ ನಮ್ಮ ಒಣ ದಿಬ್ಬಗಳವರೆಗೆ ಹಬ್ಬಿದ ಗಿಡ. ನಮ್ಮ ಕಾಲೇಜಿನ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ.

ಓಡಿಹೋಗಿ ನನ್ನ ಮಾರ್ಗದರ್ಶಕರಿಗೆ ತೋರಿಸಿದೆ. ಅವರು ಐವತ್ತೆಂಟು ದಾಟಿದವರು. ಇಡೀ ಜಿಲ್ಲೆಯ ಗಿಡಗಳನ್ನು ಕಾಲ್ನಡಿಗೆಯಲ್ಲಿ ಅಲೆದು ಪಟ್ಟಿ ಮಾಡಿದವರು. ನಾವೆಲ್ಲ ಅವರನ್ನು ಬರೀ ಸರ್ ಎನ್ನುತ್ತಿದ್ದೆವು, ಅಷ್ಟರಲ್ಲೇ ಯಾರೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು.

"ಎಲ್ಲಿ ಸಿಕ್ತು?" ಎಂದರು. ಹಾಳೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ಕಮಲಾಪುರದ ದಿಬ್ಬದ ಮ್ಯಾಲ ರೀ ಸರ್. ಡೈಕೋಮಾ ಅನಸ್ತದ."

"ಕಮಲಾಪುರದ ದಿಬ್ಬದಾಗ ಡೈಕೋಮಾ ಎಲ್ಲಿಂದ ಬರ್ತದ? ಅದು ಟ್ರೈಕೊಲೆಪಿಸ್. ನನ್ನ ಪಟ್ಟಿನ್ಯಾಗ ಅದ ನೋಡು. ಹಂಗ ಬರಿ."

"ಒಮ್ಮೆ ಬೀಜ ನೋಡ್ರಿ ಸರ್. ಸೂಕ್ಷ್ಮದರ್ಶಕದಾಗ ಇಟ್ಟೀನಿ."

"ಇಪ್ಪತ್ತು ವರ್ಷದ ಹಿಂದ ನೋಡೀನಿ. ಮತ್ತ ಯಾಕ ನೋಡ್ಲಿ?" ದನಿ ಗಡುಸಾಯಿತು. ನಾನು ಹಾಳೆ ಮಡಚಿಕೊಂಡು ಹೊರಬಂದೆ.

ಆರು ತಿಂಗಳಿಗೊಮ್ಮೆ ಪ್ರಗತಿ ವರದಿಗೆ ಅವರ ಸಹಿ ಬೇಕು. ಪ್ರಬಂಧ ಒಪ್ಪಿಸಲು ಅವರ ಸಹಿ ಬೇಕು. ಅವರು ಹೇಳಿದ ಹೆಸರು ಬರೆಯದೆ ಸಹಿ ಸಿಗುವಂತಿರಲಿಲ್ಲ. ಬರೆದರೆ ಪ್ರಬಂಧದಲ್ಲಿ ನಾನೇ ಕಣ್ಣಾರೆ ಕಂಡ ತಪ್ಪೊಂದು ನನ್ನ ಹೆಸರಿನಲ್ಲಿ ಉಳಿಯುತ್ತದೆ. ಕಲಬುರಗಿಯ ಗಾಜಿಪುರದ ನಮ್ಮ ಮನೆಯಲ್ಲಿ ಮಾಳಿಗೆಯ ಕೋಣೆ ನನ್ನದು. ಮಂಚದ ಕೆಳಗೆ ಗಿಡಗಳ ಕಟ್ಟು. ಅವ್ವ ದಿನಾ ಸಂಜೆ ಕಸ ಹೊಡೆಯಲು ಬಂದಾಗ ಆ ಕಟ್ಟುಗಳನ್ನು ನೋಡಿ ಒಂದೇ ಮಾತು ಕೇಳುತ್ತಿದ್ದಳು.

"ಈ ವರ್ಷರ ಮುಗೀತದೇನ ಇದು?"

"ಮುಗೀತದವ್ವ."

"ಹೋದ ವರ್ಷನೂ ಹಿಂಗ ಅಂದಿದ್ದಿ." ಹುಡುಗನ ಕಡೆಯವರೊಬ್ಬರು ನನ್ನ ಓದು ಮುಗಿಯಲೆಂದು ಕಾಯುತ್ತಿದ್ದರು. ಅದನ್ನು ಆಕೆ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಕಸಬರಿಗೆಯನ್ನು ಜೋರಾಗಿ ಆಡಿಸುತ್ತಿದ್ದಳು.

ಜನವರಿಯಲ್ಲಿ ಸರ್ ತಾವಾಗಿಯೇ ಹೇಳಿದರು, "ನಡಿ, ಆ ದಿಬ್ಬ ನೋಡಿ ಬರೋಣ." ನನಗೆ ಖುಷಿಯಾಯಿತು. ಗಿಡ ಜೀವಂತ ಕಂಡರೆ ಒಪ್ಪುತ್ತಾರೆ ಎಂದುಕೊಂಡೆ. ಕಾಲೇಜಿನ ಜೀಪು ರಸ್ತೆಯಲ್ಲಿ ನಿಂತಿತು, ಚಾಲಕ ಅಲ್ಲೇ ಕೂತ. ನಾವಿಬ್ಬರೂ ಮೇಲೆ ಹತ್ತಿದೆವು. ಅವರು ನನ್ನ ಮುಂದೆ ನಡೆಯುತ್ತಿದ್ದರು, ದಾರಿ ನನಗಿಂತ ಚೆನ್ನಾಗಿ ಗೊತ್ತಿದ್ದವರಂತೆ. ಆದರೆ ಅಲ್ಲಿ ರಸ್ತೆಗೆ ಹಾಕಲು ಮುರುಮು ಮಣ್ಣು ತೆಗೆದು ಆಳುದ್ದದ ಗುಂಡಿ ಮಾಡಿದ್ದರು, ಹೊಸದು. ಅವರು ನೇರ ಅದರ ಕಡೆಗೇ ಹೊರಟರು. ನಿಧಾನ ಮಾಡಲೂ ಇಲ್ಲ.

"ಸರ್! ನಿಲ್ರಿ!"

ಅವರು ನಿಂತರು. ಬೂಟಿನ ತುದಿಯಿಂದ ಒಂದಿಷ್ಟು ಮಣ್ಣು ಗುಂಡಿಗೆ ಉದುರಿತು. ನನ್ನ ಕಡೆ ತಿರುಗಿದರು, ಆದರೆ ನನ್ನ ಮುಖ ನೋಡಲಿಲ್ಲ. ಕತ್ತನ್ನು ವಾರೆ ಮಾಡಿ ನನ್ನ ಭುಜದಾಚೆ ಎಲ್ಲೋ ನೋಡಿದರು. ಈ ನೋಟವನ್ನು ನಾನು ಒಂದು ವರ್ಷದಿಂದ ಕಂಡಿದ್ದೆ. ಸಿಟ್ಟು ಎಂದುಕೊಂಡಿದ್ದೆ.

ಕೈ ಹಿಡಿದು ಒಂದು ಕಲ್ಲಿನ ಮೇಲೆ ಕೂರಿಸಿದೆ.

"ನಡುವ ಕಾಣಂಗಿಲ್ಲ ತಂಗಿ," ಎಂದರು. "ನಿನ್ನ ಕಿವಿ ಕಾಣತದ, ಭುಜ ಕಾಣತದ. ಮುಖ ಇದ್ದಲ್ಲಿ ಹೊಗಿ ಇದ್ದಂಗ. ಓದಾಕ ಹೋದ್ರ ಓದೋ ಅಕ್ಷರನ ಇರಂಗಿಲ್ಲ."

"ಎಷ್ಟ ದಿನ ಆತ್ರಿ?"

"ಎರಡ ವರ್ಷ ಆಗಾಕ ಬಂತು. ಸೇಡಂ ರಸ್ತೆದಾಗ ಒಂದ ದವಾಖಾನಿ ಅದ, ಕಣ್ಣಾಗ ಇಂಜೆಕ್ಷನ್ ಕೊಡ್ತಾರ. ಇದ್ದದ್ದು ಉಳಿದ್ರ ಸಾಕು ಅಂತಾರ, ಹೋದದ್ದು ಬರಂಗಿಲ್ಲಂತ." ಬೂಟಿನ ಮಣ್ಣು ಕೊಡವುತ್ತ ಹೇಳಿದರು, "ಗಿಡ ಕಾಣದವ ಗಿಡದ ಪಾಠ ಹ್ಯಾಂಗ ಹೇಳ್ತಾನ ಅಂತ ಕೇಳ್ತಾರ ಜನ. ನಿವೃತ್ತಿ ತನಕ ಹ್ಯಾಂಗರ ನಡಸಬೇಕು. ಯಾರಿಗೂ ಹೇಳಬ್ಯಾಡ. ಆಣಿ ಹಾಕಂಗಿಲ್ಲ ನಿನಗ. ಕೇಳ್ಕೋತೀನಿ ಅಷ್ಟ."

ನಾನು ತಲೆಯಾಡಿಸಿದೆ. ಅದು ಅವರಿಗೆ ಕಾಣುವುದಿಲ್ಲ ಎಂದು ಆಮೇಲೆ ಹೊಳೆದು, "ಆತ್ರಿ ಸರ್," ಎಂದೆ.

ಆ ಎರಡು ಶಬ್ದಕ್ಕೆ ನಾನು ಕಟ್ಟಿಹಾಕಿಕೊಂಡೆ. ಮರುದಿನದಿಂದ ಹತ್ತೂವರೆಗೆ ಅವರ ಕೋಣೆಗೆ ಹೋಗಬೇಕು. ಬಂದ ಪತ್ರ ಓದಬೇಕು. ಬೇರೆ ವಿದ್ಯಾರ್ಥಿಗಳ ಪ್ರಬಂಧ ಓದಬೇಕು, ಅವರು ಹೇಳಿದ ತಿದ್ದುಪಡಿ ಅಂಚಿನಲ್ಲಿ ಬರೆಯಬೇಕು. ಯಾರಾದರೂ ಗಿಡ ತಂದರೆ ಸರ್, "ಇಟ್ಟು ಹೋಗ್ರಿ, ನಾಳೆ ನೋಡ್ತೀನಿ" ಎನ್ನುತ್ತಿದ್ದರು. ತಂದವರು ಹೋದ ಮೇಲೆ ನಾನು ಲೆನ್ಸ್ ಹಿಡಿದು ಒಂದೊಂದಾಗಿ ಹೇಳುವುದು. ಎಲೆ ಎದುರುಬದುರಾ, ಒಂದಾದ ಮೇಲೊಂದಾ? ರೋಮ ಇದೆಯೇ? ಎಸಳೆಷ್ಟು? ಸರ್ ಕಣ್ಣು ಮುಚ್ಚಿ ಕೇಳಿ ಹೆಸರು ಹೇಳುತ್ತಿದ್ದರು. ಎಷ್ಟೋ ಸಲ ಸರಿಯಾಗಿ ಹೇಳುತ್ತಿದ್ದರು. ಕೆಲವು ಸಲ ನನಗೆ ಅವಸರವಿರುತ್ತಿತ್ತು, ನಾನೇ ಹೆಸರನ್ನು ಮಾತಿನೊಳಗೆ ಸೇರಿಸಿಬಿಡುತ್ತಿದ್ದೆ. ಮರುದಿನ ಆ ಹೆಸರು ಸರ್ ಬಾಯಿಂದ ಹೊರಬರುತ್ತಿತ್ತು, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು.

ಕೋಣೆಯ ಬಾಗಿಲು ತೆರೆದಿಟ್ಟರೆ ನಾನು ಓದುವುದು ಹೊರಗೆ ಕೇಳುತ್ತಿತ್ತು. ಮುಚ್ಚಿದರೆ ಹೊರಗೆ ಬೇರೆ ಮಾತು ಹುಟ್ಟುತ್ತಿತ್ತು. ಅರ್ಧ ಮುಚ್ಚಿ ಪಿಸುದನಿಯಲ್ಲಿ ಓದುವುದನ್ನು ಕಲಿತೆ. ಜೊತೆಗೆ ಸಂಶೋಧನೆ ಮಾಡುತ್ತಿದ್ದ ಗೆಳತಿ ಒಂದು ದಿನ ಊಟದ ಡಬ್ಬಿ ಮುಚ್ಚುತ್ತ, "ನಿನಗೇನವ್ವ, ಸರ್ ಕೋಣ್ಯಾಗ ಇರ್ತಿ. ನಿನ್ನ ಪ್ರಬಂಧ ಮೊದಲ ಮುಗೀತದ," ಎಂದಳು. ಆಮೇಲೆ ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ನನ್ನ ಪ್ರಬಂಧವಂತೂ ಮುಗಿಯಲೇ ಇಲ್ಲ. ಅಧ್ಯಾಯ ತೆಗೆದರೆ ನಾಲ್ಕು ಪುಟ ಕೇಳಿ, "ಇವತ್ತಿಗೆ ಸಾಕು, ಆ ಇನ್ನೊಬ್ಬರದು ಅರ್ಜೆಂಟ್ ಅದ, ಅದನ್ನ ಓದು," ಎನ್ನುತ್ತಿದ್ದರು. ಒಂದೇ ಅಧ್ಯಾಯಕ್ಕೆ ಮೂರು ತಿಂಗಳು ಹಿಡಿಯಿತು. ಅವರು ತಪ್ಪು ತೋರಿಸುತ್ತಿರಲಿಲ್ಲ, ಸರಿ ಎಂದೂ ಹೇಳುತ್ತಿರಲಿಲ್ಲ. ನನ್ನ ಕೆಲಸ ಮುಗಿದ ದಿನ ಅವರ ಕೆಲಸವೂ ನಿಲ್ಲುತ್ತದೆ ಎಂಬುದು ನನಗೆ ಅರ್ಥವಾದದ್ದು ಬೇಸಿಗೆಯ ಹೊತ್ತಿಗೆ. ಅಷ್ಟರಲ್ಲಿ ಕಾಯುತ್ತಿದ್ದ ಹುಡುಗನ ಕಡೆಯವರು ಬೇರೆ ಕಡೆ ನೋಡಿಕೊಂಡಿದ್ದರು. ಅವ್ವ ಮಾಳಿಗೆ ಹತ್ತುವುದನ್ನು ಬಿಟ್ಟಳು.

ಜುಲೈಯಲ್ಲಿ ಒಂದು ದಿನ ವಿಭಾಗದ ಮುಖ್ಯಸ್ಥರಿಗೆ ಎಲ್ಲ ಹೇಳಿಬಿಡಬೇಕೆಂದು ಪತ್ರ ಬರೆದುಕೊಂಡು ಹೋದೆ. ಬಾಗಿಲಲ್ಲಿ ನಿಂತೆ. ಅವರು ತಲೆಯೆತ್ತಿ, "ಏನಮ್ಮ?" ಎಂದರು. ಕಲ್ಲಿನ ಮೇಲೆ ಕೂತಿದ್ದ ಸರ್ ಕಣ್ಣಮುಂದೆ ಬಂದರು.

"ಹರ್ಬೇರಿಯಂ ಕೋಣಿ ಕೀಲಿ ಬೇಕಾಗಿತ್ರಿ," ಎಂದೆ. ಕೀಲಿ ಕೊಟ್ಟರು. ಒಣಗಿಸಿದ ಗಿಡಗಳ ಹಾಳೆಗಳನ್ನು ಇಡುವ ಆ ಕೋಣೆಗೆ ಹೋಗಿ, ಕಪಾಟುಗಳ ನಡುವೆ ನಿಂತು, ನುಸಿಗುಳಿಗೆಯ ವಾಸನೆಯಲ್ಲಿ ಆ ಪತ್ರವನ್ನು ಚೂರುಚೂರು ಮಾಡಿದೆ.

ಅಲ್ಲಿಗೆ ಹೋದದ್ದರಿಂದ ಒಂದು ಕೆಲಸವಾಯಿತು. ಸೂರ್ಯಕಾಂತಿ ಕುಟುಂಬದ ಕಪಾಟಿನಲ್ಲಿ ಟ್ರೈಕೊಲೆಪಿಸ್ ಎಂದು ಬರೆದ ಹಾಳೆಯೊಂದು ಸಿಕ್ಕಿತು. ಕಮಲಾಪುರದ್ದೇ. ಸರ್ ಕೈಬರಹ, ಮಣಿ ಪೋಣಿಸಿದಂತೆ ದುಂಡಗೆ. ಇಪ್ಪತ್ತು ವರ್ಷದ ಹಿಂದೆ ಅವರೇ ಕಿತ್ತು ತಂದದ್ದು. ಲೆನ್ಸ್ ಇಟ್ಟೆ. ರೋಮ ಚಪ್ಪಟೆಯಾಗಿ ಕಂದಿತ್ತು, ಆದರೆ ಮುಳ್ಳು ಹಾಗೇ ಇತ್ತು, ಬೀಜದ ಕೂದಲೂ ಇತ್ತು. ನನ್ನ ಗಿಡವೇ. ಅಂದರೆ ಈ ತಪ್ಪು ಅವರ ಕಣ್ಣಿನದಲ್ಲ. ಕಣ್ಣು ಚೆನ್ನಾಗಿದ್ದಾಗಲೇ ಆದದ್ದು.

ಇದನ್ನು ಅವರಿಗೆ ಹೇಳುವ ಧೈರ್ಯ ನವೆಂಬರ್‌ವರೆಗೂ ಬರಲಿಲ್ಲ. ದಿಬ್ಬದ ಮೇಲೆ ಮತ್ತೆ ಹೂ ಬಿಟ್ಟಾಗ ಒಂದು ಹಸಿ ಗಿಡ ತಂದು, ಶನಿವಾರ ಎಲ್ಲರೂ ಹೋದ ಮೇಲೆ ಅವರ ಮೇಜಿನ ಮೇಲಿಟ್ಟು, ಅವರ ಕೈ ಹಿಡಿದು ಅದರ ಮೇಲಿಟ್ಟೆ.

"ಏನಿದು?"

"ನೀವ ಹೇಳ್ರಿ."

ಬೆರಳು ಕಾಂಡದುದ್ದಕ್ಕೂ ಹೋಯಿತು. "ಮೆತ್ತಗದ. ಹತ್ತಿ ಹಚ್ಚಿದಂಗ." ಎಲೆಯ ಬೆನ್ನು ಸವರಿದರು. ಹೂದಲೆ ಮುಟ್ಟಿ ಕೈ ಹಿಂದೆಳೆದುಕೊಂಡರು. "ಕುಸುಬಿ ಚುಚ್ಚಿದಂಗ ಚುಚ್ತದ." ಮತ್ತೆ ಮುಟ್ಟಿದರು. ಈಗ ನಿಧಾನವಾಗಿ, ಮುಳ್ಳಿನ ಸುತ್ತ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬೀಜ ಬಿಡಿಸಿಯೇನು?"

"ಬಿಡಿಸೀನ್ರಿ."

"ನುಣ್ಣಗದನ?"

"ಇಲ್ರಿ. ಕೂದಲ ಅದಾವ."

"ತುದೀಗಷ್ಟ?"

"ಮೈತುಂಬ ರೀ ಸರ್."

ಕೈ ಗಿಡದ ಮೇಲೇ ಉಳಿಯಿತು. ನಿಜವಾದ ಟ್ರೈಕೊಲೆಪಿಸ್ ಗಿಡದ ಮೈ ನುಣುಪು, ಅದರ ಬೀಜವೂ ನುಣುಪು. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಡೈಕೋಮಾ," ಎಂದರು. ಆಮೇಲೆ, "ನನ್ನ ಹಳೇ ಹಾಳಿ ನೋಡೀಯೇನು?"

"ನೋಡೀನ್ರಿ. ಅದೂ ಇದೇ ರೀ."

ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಚಾಲೂ ಆಗುತ್ತಿರಲಿಲ್ಲ. "ಅವತ್ತು ಮಧ್ಯಾಹ್ನ ಜೀಪ್ ಕಾಯಾಕತ್ತಿತ್ತು," ಎಂದರು ಸರ್. "ನಿಂತಲ್ಲೇ ನೋಡಿ ಹೆಸರು ಬರದೆ. ಮನಿಗಿ ಬಂದು ಬಿಡಿಸಿ ನೋಡಬೇಕಾಗಿತ್ತು. ನೋಡಲಿಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. "ಆ ಹಾಳಿ ತಗೊಂಡು ಬಾ. ಚೀಟಿ ಹಚ್ಚು."

ಹರ್ಬೇರಿಯಂನಲ್ಲಿ ತಪ್ಪು ಹೆಸರನ್ನು ಹರಿದು ಹಾಕುವುದಿಲ್ಲ, ಗೀಟು ಹೊಡೆಯುವುದಿಲ್ಲ. ಪಕ್ಕದಲ್ಲಿ ಒಂದು ಸಣ್ಣ ಚೀಟಿ ಅಂಟಿಸಿ ಸರಿಯಾದ ಹೆಸರು, ಗುರುತಿಸಿದವರ ಹೆಸರು, ತಾರೀಖು ಬರೆಯುತ್ತಾರೆ. ನಾನು ಹಾಳೆ ತಂದು ಚೀಟಿ ಕತ್ತರಿಸಿದೆ. ಗಿಡದ ಹೆಸರು ಬರೆದೆ.

"ನನ್ನ ಹೆಸರು ಬರಿ," ಎಂದರು. "ನಾನ ತಪ್ಪು ಮಾಡೀನಿ, ನಾನ ತಿದ್ದೀನಿ ಅಂತ ಇರಲಿ."

ಪೆನ್ನು ನಿಂತಿತು. ನಾನು ಏನು ಬರೆದರೂ ಅವರಿಗೆ ಕಾಣುತ್ತಿರಲಿಲ್ಲ. ಅವರ ಹೆಸರು ಬರೆದು ನನ್ನದೆಂದು ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದಿತ್ತು. ನನ್ನದು ಬರೆದು ಅವರದೆಂದು ಓದಬಹುದಿತ್ತು. ಒಂದು ವರ್ಷದಿಂದ ಇಂಥದ್ದನ್ನೇ ಮಾಡಿಕೊಂಡು ಬಂದಿದ್ದೆ. ನನ್ನ ಹೆಸರು ಬರೆದೆ. ಆಮೇಲೆ ಗಟ್ಟಿಯಾಗಿ ಓದಿದೆ, ಗಿಡದ ಹೆಸರು, ಗುರುತಿಸಿದವರು ಎಂದು ನನ್ನ ಹೆಸರು.

ಸರ್ ಮುಖ ವಾರೆ ಮಾಡಿ ನನ್ನ ಕಡೆ ಹಿಡಿದರು. ನನ್ನ ಕಿವಿ ಕಂಡಿರಬೇಕು ಅವರಿಗೆ, ಭುಜ ಕಂಡಿರಬೇಕು.

"ತಾರೀಖ ಹಾಕಿಯೇನು?"

"ಹಾಕೀನ್ರಿ."

"ಹಳೇ ಚೀಟಿಗಿ ಗೋಂದು ತಾಗಿಸಬ್ಯಾಡ," ಎಂದರು ಅಷ್ಟೇ.

ಆ ಧೈರ್ಯದಲ್ಲೇ ಮರುದಿನ, ಭಾನುವಾರ, ಸೇಡಂ ರಸ್ತೆಯ ಬಡಾವಣೆಯಲ್ಲಿದ್ದ ಅವರ ಮನೆಗೆ ಹೋದೆ. ಪೂರ್ತಿ ಪ್ರಬಂಧ ಕೈಯಲ್ಲಿತ್ತು. ಸಹಿಯ ಪುಟ ಮೇಲಿತ್ತು.

"ಮುಂದಿನ ತಿಂಗಳು ನೋಡೋಣ," ಎಂದರು ಸರ್.

"ಇದರಾಗ ಏನ್ ತಪ್ಪದ ಹೇಳ್ರಿ ಸರ್, ಇವತ್ತ ತಿದ್ದತೀನಿ."

"ತಪ್ಪೇನಿಲ್ಲ."

"ಮತ್ತ?"

ಕುರ್ಚಿಯ ತೋಳನ್ನು ಉಜ್ಜುತ್ತಿದ್ದರು. "ನೀ ಹೋದ್ರ ಯಾರು ಓದ್ತಾರ?" ಎಂದು ಕೊನೆಗೆ ಕೇಳಿದರು. ಇದೇ ಮಾತಿಗಾಗಿ ನಾನು ತಿಂಗಳುಗಟ್ಟಲೆ ಕಾದಿದ್ದೆ. ಬಂದಾಗ ಅಳು ಬಂತು. ಅದು ಅವರಿಗೆ ಕಾಣಬಾರದು ಎಂದು ಮುಖ ತಿರುಗಿಸಿದೆ. ಕಾಣುವುದಿಲ್ಲವೆಂಬುದೂ ಮರೆತುಹೋಗಿತ್ತು.

ಕಂಡದ್ದು ಅವರ ಹೆಂಡತಿಗೆ, ನಾವೆಲ್ಲ ಅಮ್ಮ ಎನ್ನುತ್ತಿದ್ದವರಿಗೆ. ಚಹಾ ತಂದವರು ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು, ಸಹಿಯ ಪುಟವನ್ನು ತಾವೇ ಎತ್ತಿಕೊಂಡರು. ಗಂಡನ ಜೇಬಿನಿಂದ ಪೆನ್ನು ತೆಗೆದರು.

"ಮನ್ಯಾಗ ಪೇಪರ್ ನಾ ಓದ್ತೀನಿ," ಎಂದರು ಗಂಡನಿಗೆ. "ಫೋನ್ ನಾ ಹಚ್ಚಿ ಕೊಡ್ತೀನಿ. ತಾಟಿನ್ಯಾಗ ಪಲ್ಯ ಎಲ್ಲದ ಅಂತ ನಾ ಹೇಳ್ತೀನಿ. ನಾ ಎಲ್ಲೂ ಹೋಗಾಕಿ ಅಲ್ಲ. ಈಕಿ ಯಾಕ ಇರಬೇಕ್ರಿ? ಈಕಿಗಿ ಅವ್ವ ಇಲ್ಲೇನು, ಮನಿ ಇಲ್ಲೇನು?" ಅವರ ಬೆರಳನ್ನು ಹಿಡಿದು ಸಹಿಯ ಗೆರೆಯ ಮೇಲಿಟ್ಟರು. "ಇಲ್ಲಿ ಮಾಡ್ರಿ."

ಸರ್ ಸಹಿ ಮಾಡಿದರು. ಅದು ಗೆರೆ ದಾಟಿ ಕೆಳಗೆ ಇಳಿದಿತ್ತು. ನಾನು ಎದ್ದು ಹೊರಟಾಗ ಅಮ್ಮ, "ಚಹಾ ಕುಡದು ಹೋಗವ್ವ," ಎಂದರು. ಮೂವರೂ ಕುಡಿದೆವು.

ಪ್ರಬಂಧ ಒಪ್ಪಿಸಿದೆ. ಅದರಲ್ಲಿ ಡೈಕೋಮಾ ತನ್ನ ಹೆಸರಿನಲ್ಲೇ ಇತ್ತು. ಪದವಿಯೂ ಬಂತು. ಉಳಿದ ತಿಂಗಳುಗಳನ್ನು ಸರ್ ರಜೆ ಹಾಕಿ, ಅಷ್ಟಿಷ್ಟು ಪಾಠ ಮಾಡಿ ಹೇಗೋ ಕಳೆದರು. ಬೀಳ್ಕೊಡುಗೆಯ ದಿನ ಎಲ್ಲರೂ ಅವರ ತೀಕ್ಷ್ಣ ದೃಷ್ಟಿಯನ್ನು ಹೊಗಳಿ ಭಾಷಣ ಮಾಡಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಮುಗಿದ ಮೇಲೆ ವಿಭಾಗದ ಹಿರಿಯ ಜವಾನರು, ಮೋಮಿನಪುರದವರು, ಕುರ್ಚಿ ಎತ್ತಿಡುತ್ತ ನನ್ನ ಹತ್ತಿರ ಬಂದರು.

"ಬಹಳ ಕಷ್ಟ ಪಟ್ರಿ ಮೇಡಂ ನೀವು. ಸರ್‌ಗೆ ಕಣ್ಣಾಗಿದ್ರಿ."

"ನಿಮಗ ಯಾರು ಹೇಳಿದ್ರು?"

"ಸಬ್‌ಕೂ ಮಾಲೂಮ್ ಥಾ ಮೇಡಂ. ಯಾರಿಗೆ ಗೊತ್ತಿಲ್ಲ? ಈ ಮೆಟ್ಟಿಲಿನ ಅಂಚಿಗೆ ಬಿಳಿ ಬಣ್ಣ ಹಚ್ಚಿದವನು ನಾನ. ಸರ್ ಮುಗ್ಗರಸ್ತಾರ, ಹಚ್ಚು ಅಂತ ಮುಖ್ಯಸ್ಥ ಸಾಹೇಬ್ರು ಹೇಳಿದ್ರು. ಎರಡ ವರ್ಷ ಆತು."

ನಾನು ಆ ಮೆಟ್ಟಿಲಿನ ಮೇಲೇ ಕೂತುಬಿಟ್ಟೆ. ಎರಡು ವರ್ಷ. ಅಂದರೆ ನಾನು ಪತ್ರ ಹಿಡಿದು ಬಾಗಿಲಲ್ಲಿ ನಿಂತಾಗ ಮುಖ್ಯಸ್ಥರಿಗೆ ಗೊತ್ತಿತ್ತು. ನಾನು ಕೀಲಿ ಕೇಳಿದಾಗಲೂ ಗೊತ್ತಿತ್ತು. ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ದನಿ ತಗ್ಗಿಸಿ ಓದಿದ್ದೆಲ್ಲ ಯಾರಿಂದ ಮುಚ್ಚಿಡಲು ಎಂದು ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಸಿಟ್ಟು ಬರಬೇಕಿತ್ತು, ದಣಿವಷ್ಟೇ ಬಂತು.

ಈಗ ನಾನು ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬಿಡುವಾದಾಗ ಹಳೆಯ ಹರ್ಬೇರಿಯಂಗೆ ಹೋಗಿ, ಆ ಅವಧಿಯಲ್ಲಿ ಸರ್ ಬಾಯಿಂದ ನಾನು ಹೇಳಿಸಿದ ಹೆಸರುಗಳನ್ನು ಪರೀಕ್ಷಿಸುತ್ತೇನೆ. ಮೂರು ತಪ್ಪು ಸಿಕ್ಕಿವೆ. ಎಲ್ಲ ಹಾಳೆಗಳೂ ಅಲ್ಲಿಲ್ಲ, ಕೆಲವನ್ನು ವಿದ್ಯಾರ್ಥಿಗಳು ಒಯ್ದಿದ್ದಾರೆ. ಅವು ಎಲ್ಲಿವೆಯೋ.

ತಿಂಗಳಿಗೊಮ್ಮೆ ಸರ್ ಮನೆಗೆ ಹೋಗುತ್ತೇನೆ. ಕಣ್ಣಿನ ಅಂಚಿನಲ್ಲಿದ್ದ ಬೆಳಕೂ ಈಗ ಕಡಿಮೆಯಾಗಿದೆ. ಹೋದ ಸಲ ಅಮ್ಮ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಸರ್ ನನ್ನ ಕಡೆ ಬಾಗಿ, ಗುಟ್ಟು ಹೇಳುವವರಂತೆ ದನಿ ತಗ್ಗಿಸಿದರು.

"ಕಡೀ ತನಕ ಒಬ್ಬರಿಗೂ ತಿಳೀಲಿಲ್ಲ ನೋಡು ತಂಗಿ. ಹ್ಯಾಂಗ ನಡಸಿದ್ವಿ ನಾವಿಬ್ಬರೂ!"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಹೌದ್ರಿ ಸರ್," ಎಂದೆ. "ಒಬ್ಬರಿಗೂ ತಿಳೀಲಿಲ್ರಿ."

ಅವರು ಹಿಂದಕ್ಕೆ ಒರಗಿ ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ರೊಟ್ಟಿಯ ಸದ್ದು ಮತ್ತೆ ಶುರುವಾಯಿತು.